ಉಪ್ಪು ಹಾಕಿದ ಕೊಳ

(ಬಾನುಲಿ ಭಾಷಣ)



ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ನೀರಿಗೇ ಉಪ್ಪು ಹಾಕಿದವನು ಏನು ಮಾಡಬೇಕು ಎಂಬುದು ಈ ಹೊತ್ತು ನಾನು ನಿಮ್ಮ ಮುಂದೆ ಇಡಬೇಕೆಂದಿರುವ ವಿಷಯ.

ಕೆಲವು ವರ್ಷಗಳ ಹಿಂದೆ ಜನವರಿ ತಿಂಗಳಿನಲ್ಲಿ ನಾನು ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿರುವ ನನ್ನ ಸೋದರಳಿಯನ ಮನೆಗೆ ಹೋಗಿದ್ದೆ. ನಮಗೆ ಸಂಕ್ರಾಂತಿಯ ಚಳಿಯಾದರೆ ಅಲ್ಲಿ ಆಗ ನಡುಬೇಸಗೆ. ನಮ್ಮ ಕಡೆ ಮನೆಯ ಹಿತ್ತಿಲಿನಲ್ಲಿ ಬಾವಿಯೋ ಕರಿಬೇವಿನ ಗಿಡವೋ ಇರುವಂತೆ ಆ ಊರಿನ ಎಷ್ಟೋ ಮನೆಗಳ ಹಿತ್ತಿಲಿನಲ್ಲಿ ಒಂದು ಈಜುಕೊಳವಿರುತ್ತದೆ. ನನ್ನ ಅಳಿಯನ ಮನೆಯಲ್ಲಿಯೂ ಇತ್ತು. ನಾನು ಹೋದ ಮರುದಿನವೇ ಅವನು ನನ್ನನ್ನು ಕೊಳದ ದಂಡೆಗೆ ಕರೆದೊಯ್ದು, “ಮಾವ, ನೀವು ಧೈರ್ಯವಾಗಿ ಇಳಿಯಬಹುದು. ನಮ್ಮದು ಕ್ಲೋರಿನ್ ಇಲ್ಲದ ಕೊಳ. ಬರಿಯ ಉಪ್ಪುನೀರು” ಎಂದು ಹೆಮ್ಮೆಯಿಂದ ಹೇಳಿದ. ಅವನು ಓದಿದವನು, ಎಂಜಿನಿಯರು. ನಾನೋ ಮೂವತ್ತು ವರ್ಷ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದ ಮೇಷ್ಟ್ರು. ಆ ಮಾತು ನನ್ನ ಕಿವಿಗೆ ಸರಿಬರಲಿಲ್ಲ.

ನೀರು ಸ್ಫಟಿಕದಂತೆ ತಿಳಿಯಾಗಿತ್ತು. ಬೊಗಸೆಯಲ್ಲಿ ತೆಗೆದು ನಾಲಗೆಯ ತುದಿಗೆ ತಾಕಿಸಿದೆ. ಉಪ್ಪಿನ ರುಚಿ ಇದೆಯೋ ಇಲ್ಲವೋ ಎನ್ನುವಷ್ಟು ಸೌಮ್ಯವಾಗಿತ್ತು. ದಂಡೆಯಾಚೆ ಒಂದು ಚಿಕ್ಕ ಗೂಡಿನಲ್ಲಿ ಪಂಪು, ಮರಳಿನ ಶೋಧಕ, ಗೋಡೆಗೆ ತಗುಲಿಸಿದ ಒಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಹಸಿರು ದೀಪ ಉರಿಯುತ್ತಿತ್ತು. ನೀರು ಪರೀಕ್ಷಿಸುವ ಸಾಮಗ್ರಿ ಏನಾದರೂ ಇದೆಯೇ ಎಂದು ಕೇಳಿದೆ. ಹುಡುಕಿ ಹುಡುಕಿ ಒಂದು ಡಬ್ಬಿಯನ್ನು ತಂದುಕೊಟ್ಟ. ಅದರ ಗಾಜಿನ ನಳಿಗೆಯಲ್ಲಿ ಕೊಳದ ನೀರು ತುಂಬಿ ಔಷಧದ ಗುಳಿಗೆಯನ್ನು ಹಾಕಿದೆ. ಕ್ಲೋರಿನ್ ಇದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗಬೇಕು. ಬಣ್ಣ ಬರಲಿಲ್ಲ. ಅಳಿಯನ ಮಾತು ಆ ದಿನದ ಮಟ್ಟಿಗೆ ಅಕ್ಷರಶಃ ನಿಜವಾಗಿತ್ತು: ಅದು ಕ್ಲೋರಿನ್ ಇಲ್ಲದ ಕೊಳವೇ. ಅವನ ಇಬ್ಬರು ಮಕ್ಕಳು ಈಜುಡುಪು ತೊಟ್ಟು ನೀರಿಗೆ ಹಾರಲು ಸಿದ್ಧರಾಗಿ ನಿಂತಿದ್ದರು. “ಈ ಹೊತ್ತು ಬೇಡ, ಮಕ್ಕಳೇ” ಎಂದೆ. ಬಂದ ಎರಡನೆಯ ದಿನವೇ ತಾತನ ಮೇಲೆ ಅವರಿಗೆ ಕೋಪ ಬಂದಿತು.

ಹಸಿರು ದೀಪ ಉರಿಯುತ್ತಿದೆ, ನೀರು ತಿಳಿಯಾಗಿದೆ. ಆದರೂ ಇಳಿಯಬಾರದು ಎಂದೇಕೆ ಹೇಳಿದೆ? ಅದು ತಿಳಿಯಬೇಕಾದರೆ ಆ ಪೆಟ್ಟಿಗೆಯ ಕೆಲಸವೇನು ಎಂಬುದನ್ನು ಮೊದಲು ನೋಡಬೇಕು.

ಉಪ್ಪುನೀರಿನ ಕೊಳ ಎಂದ ಮಾತ್ರಕ್ಕೆ ಅದು ಸಮುದ್ರದ ನೀರಲ್ಲ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣವಿರುತ್ತದೆ. ಈ ಕೊಳಗಳಲ್ಲಿ, ಯಂತ್ರದ ಮಾದರಿಯನ್ನು ಅನುಸರಿಸಿ, ಲೀಟರಿಗೆ ೩ರಿಂದ ೬ ಗ್ರಾಂ ಮಾತ್ರ. ನಮ್ಮ ಕಣ್ಣೀರಿನ ಉಪ್ಪಿಗಿಂತಲೂ ಇದು ಕಡಿಮೆ; ಕಣ್ಣು ಉರಿಯದಿರುವುದಕ್ಕೆ ಇದೂ ಒಂದು ಕಾರಣ. ಇಷ್ಟು ಉಪ್ಪು ಯಾವ ಸೂಕ್ಷ್ಮಜೀವಿಯನ್ನೂ ಕೊಲ್ಲಲಾರದು. ಕೊಲ್ಲುವುದು ಕ್ಲೋರಿನ್ನೇ. ಉಪ್ಪು ಅದಕ್ಕೆ ಕಚ್ಚಾ ಸಾಮಗ್ರಿ ಅಷ್ಟೆ.

ಅಡಿಗೆಯ ಉಪ್ಪು ಸೋಡಿಯಂ ಮತ್ತು ಕ್ಲೋರಿನ್‌ಗಳ ಸಂಯುಕ್ತ. ಸ್ವೀಡನ್ನಿನ ಷೀಲೆ ಎಂಬ ರಸಾಯನಜ್ಞ ೧೭೭೪ರಲ್ಲಿ ಕ್ಲೋರಿನ್ ಅನಿಲವನ್ನು ಮೊದಲು ತಯಾರಿಸಿದ. ಅದು ಒಂದು ಮೂಲವಸ್ತು ಎಂದು ೧೮೧೦ರಲ್ಲಿ ಸಾರಿ, ಅದರ ಹಳದಿ ಬೆರೆತ ಹಸಿರು ಬಣ್ಣವನ್ನು ಸೂಚಿಸುವ ಗ್ರೀಕ್ ಪದದಿಂದ ಅದಕ್ಕೆ ಹೆಸರಿಟ್ಟವನು ಇಂಗ್ಲೆಂಡಿನ ಹಂಫ್ರಿ ಡೇವಿ. ಉಪ್ಪುನೀರಿನಲ್ಲಿ ವಿದ್ಯುತ್ತನ್ನು ಹರಿಸಿದರೆ ಧನಾಗ್ರದಲ್ಲಿ ಕ್ಲೋರಿನ್ನೂ ಋಣಾಗ್ರದಲ್ಲಿ ಜಲಜನಕವೂ ಹುಟ್ಟುತ್ತವೆ. ನೀರಿನಲ್ಲಿ ಕ್ಷಾರ ಉಳಿಯುತ್ತದೆ. ಹರಿದ ವಿದ್ಯುತ್ತಿಗೂ ಹುಟ್ಟಿದ ವಸ್ತುವಿಗೂ ಇರುವ ಲೆಕ್ಕವನ್ನು ೧೮೩೦ರ ದಶಕದಲ್ಲಿ ಮೈಕೇಲ್ ಫ್ಯಾರಡೆ ನಿಯಮಗಳ ರೂಪದಲ್ಲಿ ಹೇಳಿದ. ನಮ್ಮ ಕಾರವಾರದ ಬಳಿಯ ಬಿಣಗಾದಲ್ಲಿರುವ ಕಾಸ್ಟಿಕ್ ಸೋಡ ಕಾರ್ಖಾನೆಯ ಮೂಲತತ್ತ್ವವೂ ಇದೇ. ದೊಡ್ಡ ಕಾರ್ಖಾನೆಯಲ್ಲಿ ಈ ಎರಡು ಅನಿಲಗಳನ್ನು ಬೇರೆಬೇರೆಯಾಗಿ ಹಿಡಿದಿಡುತ್ತಾರೆ. ಹಿತ್ತಿಲಿನ ಯಂತ್ರದಲ್ಲಿ ಹುಟ್ಟಿದ ಕ್ಲೋರಿನ್ ಅಲ್ಲಿಯೇ ಹರಿಯುವ ನೀರಿನಲ್ಲಿ ಕರಗಿ, ಹೈಪೋಕ್ಲೋರಸ್ ಆಮ್ಲ ಎಂಬ ರೂಪವನ್ನು ತಾಳಿ ಕೊಳವನ್ನು ಸೇರುತ್ತದೆ. ರೋಗಾಣುಗಳ ಶತ್ರು ಈ ಆಮ್ಲ. ಅದು ತನ್ನ ಕೆಲಸ ಮುಗಿಸಿದಾಗ ಕ್ಲೋರೈಡಾಗಿ, ಅಂದರೆ ಮತ್ತೆ ಉಪ್ಪಿನ ಅಂಶವಾಗಿ, ನೀರಿನಲ್ಲಿಯೇ ಉಳಿಯುತ್ತದೆ. ಹೀಗಾಗಿ ಒಮ್ಮೆ ಹಾಕಿದ ಉಪ್ಪು ಬಹುಕಾಲ ಬರುತ್ತದೆ. ಬಿಸಿಲಿಗೆ ನೀರು ಆವಿಯಾದರೂ ಉಪ್ಪು ಹೋಗುವುದಿಲ್ಲ. ಅದು ಕಡಮೆಯಾಗುವುದು ಈಜುವವರು ಚೆಲ್ಲಿದ ನೀರಿನಿಂದ, ಶೋಧಕವನ್ನು ತೊಳೆದು ಹೊರಬಿಟ್ಟ ನೀರಿನಿಂದ, ಮಳೆ ಬಂದು ಕೊಳ ತುಂಬಿ ಹರಿಯುವುದರಿಂದ.

ಲೆಕ್ಕವನ್ನು ಒಮ್ಮೆ ನೋಡೋಣ. ಅಳಿಯನ ಕೊಳದಲ್ಲಿ ಹಿಡಿಯುವ ನೀರು ಸುಮಾರು ೫೦,೦೦೦ ಲೀಟರ್. ಲೀಟರಿಗೆ ೪ ಗ್ರಾಂ ಉಪ್ಪು ಎಂದರೆ ಒಟ್ಟು ೨೦೦ ಕಿಲೋ. ನಾಲ್ಕು ಮೂಟೆ ಉಪ್ಪು ಅಲ್ಲಿ ಕಣ್ಣಿಗೆ ಕಾಣದೆ ಕರಗಿದೆ. ಗಂಟೆಗೆ ೨೦ ಗ್ರಾಂ ಕ್ಲೋರಿನ್ ತಯಾರಿಸುವ ಯಂತ್ರ ದಿನಕ್ಕೆ ಎಂಟು ಗಂಟೆ ನಡೆದರೆ ೧೬೦ ಗ್ರಾಂ ಆಯಿತು. ಅದು ಅಷ್ಟು ನೀರಿನಲ್ಲಿ ಹರಡಿದಾಗ ಲೀಟರಿಗೆ ೩ ಮಿಲಿಗ್ರಾಮಿಗಿಂತ ತುಸು ಹೆಚ್ಚು. ಖರ್ಚು ಸಾಮಾನ್ಯವಾಗಿದ್ದರೆ ಇಷ್ಟು ಸಾಕು. ಕೊಳದಲ್ಲಿ ಸ್ವತಂತ್ರ ಕ್ಲೋರಿನ್ ಲೀಟರಿಗೆ ೧ ಮಿಲಿಗ್ರಾಮಿಗಿಂತ ಕೆಳಗಿಳಿಯಬಾರದು. ಬಿಸಿಲಿನಿಂದ ಕಾಪಾಡುವ ರಕ್ಷಕ ವಸ್ತುವನ್ನು ಬೆರೆಸಿದ್ದರೆ ೨ಕ್ಕಿಂತ ಕೆಳಗಿಳಿಯಬಾರದು. ಮನೆಯ ಕೊಳಕ್ಕೆ ೨ರಿಂದ ೪ರ ನಡುವಣ ಮಟ್ಟ ಒಳ್ಳೆಯದು.

ಹಾಗಿದ್ದರೆ ನಮ್ಮ ನಳಿಗೆಯಲ್ಲಿ ಬಣ್ಣವೇಕೆ ಬರಲಿಲ್ಲ? ಕಾರಣ ಒಂದಲ್ಲ, ಮೂರು ಇದ್ದುವು. ಈ ಮೂರೂ ಇಂಥ ಎಲ್ಲ ಕೊಳಗಳಿಗೂ ಬರಬಹುದಾದ ರೋಗಗಳೇ.

ಮೊದಲನೆಯದು, ತಟ್ಟೆಗಳ ಮೇಲೆ ಕಟ್ಟಿದ ಕಲ್ಲು. ವಿದ್ಯುತ್ತು ಹರಿಯುವ ಕೋಶದಲ್ಲಿ ಟೈಟೇನಿಯಂ ಲೋಹದ ತೆಳು ತಟ್ಟೆಗಳಿರುತ್ತವೆ. ಅವುಗಳ ಮೇಲೆ ರುಥೇನಿಯಂ ಮೊದಲಾದ ಬೆಲೆಬಾಳುವ ಲೋಹಗಳ ಆಕ್ಸೈಡಿನ ಲೇಪವಿರುತ್ತದೆ. ನೀರಿನಲ್ಲಿರುವ ಸುಣ್ಣದ ಅಂಶ, ಕ್ಷಾರ ಹೆಚ್ಚಿರುವ ಋಣಾಗ್ರದ ಮೇಲೆ ಬಿಳಿಯ ಪದರವಾಗಿ ಕೂಡುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಕಲ್ಲನ್ನು ನೀವು ನೋಡಿಯೇ ಇದ್ದೀರಿ; ಇದೂ ಅದೇ ಜಾತಿಯದು. ವಿದ್ಯುತ್ತಿನ ದಿಕ್ಕನ್ನು ಆಗಾಗ ತಿರುಗಿಸಿ ಈ ಪದರವನ್ನು ಉದುರಿಸುವ ಯಂತ್ರಗಳಿವೆ. ಆದರೂ ಪೂರ್ತಿ ನಂಬಿ ಕೂರುವಂತಿಲ್ಲ. ನಾವು ತೆಗೆದು ನೋಡಿದಾಗ ತಟ್ಟೆ ತಟ್ಟೆಗಳ ನಡುವಣ ಸಂದುಗಳೆಲ್ಲ ಸುಣ್ಣ ಬಳಿದಂತೆ ಮುಚ್ಚಿಹೋಗಿದ್ದುವು. ಹಸಿರು ದೀಪ ಯಂತ್ರಕ್ಕೆ ವಿದ್ಯುತ್ತು ಬರುತ್ತಿದೆ ಎಂಬುದನ್ನು ಹೇಳುತ್ತಿತ್ತೇ ಹೊರತು ನೀರಿನಲ್ಲಿ ಕ್ಲೋರಿನ್ ಇದೆ ಎಂಬುದನ್ನಲ್ಲ.

ಎರಡನೆಯದು, ನೀರಿನ ಪಿ.ಎಚ್., ಎಂದರೆ ಆಮ್ಲ-ಕ್ಷಾರಗಳ ಅಳತೆ. ಈ ಯಂತ್ರವಿರುವ ಕೊಳಗಳಲ್ಲಿ ಪಿ.ಎಚ್. ಏರುತ್ತ ಹೋಗುವುದು ಸಹಜ. ಜಲಜನಕದ ಗುಳ್ಳೆಗಳು ಮೇಲೇರುವಾಗ ನೀರಿನಲ್ಲಿ ಕರಗಿರುವ ಇಂಗಾಲದ ಡೈ ಆಕ್ಸೈಡನ್ನೂ ಹೊರಕ್ಕೆ ಎಳೆದೊಯ್ಯುತ್ತವೆ. ಪಿ.ಎಚ್. ೭.೫ ಇದ್ದಾಗ ಕ್ಲೋರಿನ್ನಿನ ಸುಮಾರು ಅರ್ಧ ಭಾಗ ಹೈಪೋಕ್ಲೋರಸ್ ಆಮ್ಲವೆಂಬ ಚುರುಕಾದ ರೂಪದಲ್ಲಿರುತ್ತದೆ. ಅದೇ ೮ಕ್ಕೆ ಏರಿತೆಂದರೆ ಕಾಲು ಭಾಗದಷ್ಟೂ ಉಳಿಯುವುದಿಲ್ಲ. ಉಳಿದದ್ದು ಇದ್ದೂ ಇಲ್ಲದಂತೆ. ಸೂಕ್ಷ್ಮಜೀವಿಗಳನ್ನು ಕೊಲ್ಲುವುದರಲ್ಲಿ ಅದು ಬಹಳ ನಿಧಾನಿ. ಸುಣ್ಣ ಕಟ್ಟುವುದೂ ಪಿ.ಎಚ್. ಏರಿದಾಗಲೇ ಹೆಚ್ಚು. ಅದನ್ನು ೭.೨ರಿಂದ ೭.೬ರ ನಡುವೆ ಇಟ್ಟುಕೊಂಡರೆ ಎರಡು ರೋಗಗಳಿಗೂ ಒಂದೇ ಮದ್ದಾಗುತ್ತದೆ.

ಮೂರನೆಯದು ಬಿಸಿಲು. ಸೂರ್ಯನ ಅತಿನೇರಳೆ ಕಿರಣಗಳು ರಕ್ಷಣೆಯಿಲ್ಲದ ಕ್ಲೋರಿನ್ನಿನಲ್ಲಿ ಅರ್ಧದಷ್ಟನ್ನು ಒಂದು ಗಂಟೆಯೊಳಗೆ ನಾಶಮಾಡಬಲ್ಲವು. ಇದನ್ನು ತಡೆಯಲು ಸಯನ್ಯೂರಿಕ್ ಆಮ್ಲ ಎಂಬ ರಕ್ಷಕ ವಸ್ತುವನ್ನು ಬೆರೆಸುತ್ತಾರೆ. ಲೀಟರಿಗೆ ೩೦ರಿಂದ ೫೦ ಮಿಲಿಗ್ರಾಂ ಸಾಮಾನ್ಯವಾದ ಪ್ರಮಾಣ. ನಿಮ್ಮ ಯಂತ್ರದ ಕೈಪಿಡಿ ಹೇಳುವುದನ್ನು ನೋಡಿಕೊಳ್ಳಬೇಕು. ಇದು ಕೊಡೆಯಿದ್ದಂತೆ. ಕೊಡೆ ಅತಿಯಾದರೆ ಅದರ ಕೆಳಗಿರುವ ಕ್ಲೋರಿನ್ ಕೆಲಸಕ್ಕೆ ಬಾರದಷ್ಟು ಮಂದವಾಗುತ್ತದೆ. ಬಿಸಿಲಿಗೆ ಈ ವಸ್ತು ಬೇಗ ಹಾಳಾಗದು, ಆವಿಯಾಗಿಯೂ ಹೋಗದು. ಆದ್ದರಿಂದ ಹೆಚ್ಚಾದರೆ ಸ್ವಲ್ಪ ನೀರನ್ನು ತೆಗೆದು ಹೊಸ ನೀರು ತುಂಬುವುದೇ ರೂಢಿಯ ದಾರಿ. ಅಳಿಯನ ಕೊಳದಲ್ಲಿ ಹಿಂದಿನ ತಿಂಗಳ ಮಳೆಗೆ ತುಂಬಿ ಹರಿದ ನೀರಿನೊಂದಿಗೆ ಉಪ್ಪೂ ಹೋಗಿತ್ತು, ಈ ರಕ್ಷಕವೂ ಹೋಗಿತ್ತು.

ತಿಳಿಯಾದ ನೀರು ಶುದ್ಧವಾದ ನೀರಲ್ಲ ಎಂಬ ಮಾತನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ತಿಳಿಮಾಡುವುದು ಶೋಧಕದ ಕೆಲಸ. ಕ್ಲೋರಿನ್ ಮುಗಿದ ಮೇಲೂ ಒಂದೆರಡು ದಿನ ನೀರು ಹಾಗೆಯೇ ಹೊಳೆಯುತ್ತದೆ; ಹಸಿರು ಪಾಚಿ ಕಾಣಿಸಿಕೊಳ್ಳುವುದು ಆಮೇಲೆ. ಆ ಒಂದೆರಡು ದಿನಗಳಲ್ಲಿಯೇ ಕಿವಿ, ಚರ್ಮ, ಹೊಟ್ಟೆಗಳ ಸೋಂಕು ಒಬ್ಬರಿಂದ ಒಬ್ಬರಿಗೆ ದಾಟುವುದು.

ಯಂತ್ರದ ಗೂಡನ್ನು ಬಿಚ್ಚಿದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ನಾನು ಇಷ್ಟು ಹೊತ್ತು ಹೇಳಿದ್ದಕ್ಕಿಂತ ಅದು ಗುರುತರವಾದದ್ದು. ಕೋಶದ ಕೊಳವೆಯಲ್ಲಿ ನೀರು ಹರಿಯುತ್ತಿದೆಯೇ ಎಂಬುದನ್ನು ಗುರುತಿಸುವ ಒಂದು ಚಿಕ್ಕ ಸ್ವಿಚ್ಚು ಇರುತ್ತದೆ. ಹರಿವು ನಿಂತರೆ ಅದು ವಿದ್ಯುತ್ತನ್ನು ಕಡಿದುಹಾಕಬೇಕು. ಈ ಯಂತ್ರದಲ್ಲಿ ಆ ಸ್ವಿಚ್ಚಿನ ಎರಡು ತಂತಿಗಳನ್ನು ಕಿತ್ತು ಒಂದಕ್ಕೊಂದು ಹೊಸೆದು ಟೇಪು ಸುತ್ತಿದ್ದರು. ಪದೇ ಪದೇ ಎಚ್ಚರಿಕೆಯ ಗಂಟೆ ಬಡಿಯುತ್ತದೆಂದು ಯಾರೋ ರಿಪೇರಿಯವನು ಹಿಂದಿನ ವರ್ಷ ಹಾಗೆ ಮಾಡಿ ಹೋಗಿದ್ದನಂತೆ. ಗಂಟೆಯೇನೋ ನಿಂತಿತ್ತು. ಅಳಿಯ ಅದನ್ನು ಅನಂತರ ಮರೆತೇಬಿಟ್ಟಿದ್ದ.

ಇದರ ಅರ್ಥವೇನು? ಕ್ಲೋರಿನ್ನಿನ ಜೊತೆಗೆ ಜಲಜನಕವೂ ಹುಟ್ಟುತ್ತದೆ ಎಂದೆನಷ್ಟೆ. ೨೦ ಗ್ರಾಂ ಕ್ಲೋರಿನ್ ತಯಾರಾಗುವಷ್ಟರಲ್ಲಿ ಸುಮಾರು ೭ ಲೀಟರ್ ಜಲಜನಕ ಹುಟ್ಟಿರುತ್ತದೆ. ನೀರು ಹರಿಯುತ್ತಿರುವಾಗ ಅದು ಸಣ್ಣ ಗುಳ್ಳೆಗಳಾಗಿ ಕೊಳಕ್ಕೆ ಹೋಗಿ, ಮೇಲೆದ್ದು ಬಯಲಿನ ಗಾಳಿಯಲ್ಲಿ ಚೆದುರಿಹೋಗುತ್ತದೆ. ಅದರಿಂದ ಯಾರಿಗೂ ಕೇಡಿಲ್ಲ. ಪಂಪು ನಿಂತು ವಿದ್ಯುತ್ತು ಮಾತ್ರ ಹರಿಯುತ್ತಿದ್ದರೆ ಅದೇ ಜಲಜನಕ ಕೋಶದಲ್ಲಿಯೂ ಕೊಳವೆಯಲ್ಲಿಯೂ ಶೇಖರವಾಗುತ್ತದೆ. ಗಾಳಿಯಲ್ಲಿ ನೂರಕ್ಕೆ ೪ ಭಾಗದಿಂದ ೭೫ ಭಾಗದವರೆಗೆ ಜಲಜನಕ ಬೆರೆತಿದ್ದರೆ ಒಂದು ಕಿಡಿ ಸಾಕು, ಸಿಡಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೀಗೆ ಕೋಶಗಳು ಸಿಡಿದು ಗಟ್ಟಿ ಪ್ಲಾಸ್ಟಿಕ್ಕಿನ ಚೂರುಗಳು ಹಾರಿದ ಅಪಘಾತಗಳು ನಡೆದಿವೆ. ಹೊಸೆದ ಆ ತಂತಿಗಳನ್ನು ತೋರಿಸಿ ಇದನ್ನು ಹೇಳಿದಾಗ ನನ್ನ ಅಳಿಯ ಏನೂ ಮಾತನಾಡಲಿಲ್ಲ. ಎದ್ದು ಹೋಗಿ ಮುಖ್ಯ ಸ್ವಿಚ್ಚನ್ನು ಆರಿಸಿ ಬಂದ.

ಆದ್ದರಿಂದ ಈ ಯಂತ್ರವುಳ್ಳವರು ಮೊದಲು ನೋಡಬೇಕಾದದ್ದು ಇದು: ಪಂಪು ನಡೆಯುತ್ತಿದ್ದಾಗ ಮಾತ್ರ ಕೋಶಕ್ಕೆ ವಿದ್ಯುತ್ತು ಹೋಗುವಂತೆ ಎರಡನ್ನೂ ಒಂದಕ್ಕೊಂದು ಕಟ್ಟಿಹಾಕಿರಬೇಕು, ಹರಿವಿನ ಸ್ವಿಚ್ಚು ಕೆಲಸಮಾಡುತ್ತಿರಬೇಕು. ಅದು ಗಂಟೆ ಬಡಿಯುತ್ತಿದ್ದರೆ ನೀರಿನ ದಾರಿಯಲ್ಲಿ ಅಡ್ಡಿಯೇನು ಎಂದು ಹುಡುಕಬೇಕೇ ಹೊರತು ಗಂಟೆಯ ಬಾಯಿ ಮುಚ್ಚಿಸಬಾರದು. ಯಂತ್ರದ ಗೂಡಿಗೆ ಗಾಳಿಯಾಡಬೇಕು. ಬಾಗಿಲು ಬಿಗಿದ ಕಪಾಟು ಅದಕ್ಕೆ ತಕ್ಕ ಸ್ಥಳವಲ್ಲ.

ವಿದ್ಯುತ್ತಿನ ಮಾತಿಗೆ ಬರೋಣ. ಕೋಶಕ್ಕೆ ಹೋಗುವುದು ಕಡಮೆ ಒತ್ತಡದ ಏಕಮುಖ ವಿದ್ಯುತ್ತು. ಆದರೆ ಗೋಡೆಯ ಮೇಲಿನ ಪೆಟ್ಟಿಗೆಗೆ ಬರುವುದು ಮನೆಯ ವಿದ್ಯುತ್ತೇ. ಸಿಹಿನೀರಿಗಿಂತ ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಒದ್ದೆ ಮೈಯ ಮನುಷ್ಯನ ಚರ್ಮವೂ ಅಷ್ಟೆ. ಪೆಟ್ಟಿಗೆ ಕೊಳದ ಅಂಚಿನಿಂದ ದೂರದಲ್ಲಿರಬೇಕು. ೩೦ ಮಿಲಿಆಂಪಿಯರಿನಷ್ಟು ಸೋರಿಕೆಯಾದರೂ ತತ್‌ಕ್ಷಣ ಸಂಪರ್ಕವನ್ನು ಕಡಿಯುವ ರಕ್ಷಣಾ ಸಾಧನವಿರಬೇಕು. ಏಣಿ, ಹಿಡಿಗಂಬಿ, ಪಂಪಿನ ಮೈ ಮೊದಲಾದ ಲೋಹದ ಭಾಗಗಳನ್ನು ಒಂದುಗೂಡಿಸಿ ಅರ್ಥಿಂಗ್ ಮಾಡಿಸಿರಬೇಕು. ಇವೆಲ್ಲ ಪರವಾನಗಿ ಪಡೆದ ವಿದ್ಯುತ್ ಕೆಲಸಗಾರನ ಕೆಲಸ. ರಸಾಯನಶಾಸ್ತ್ರದ ಮೇಷ್ಟ್ರಾಗಲಿ ಎಂಜಿನಿಯರಾದ ಅಳಿಯನಾಗಲಿ ಕೈಹಾಕತಕ್ಕದ್ದಲ್ಲ. ಸಿಡ್ನಿಯಲ್ಲಿ ಮರುದಿನ ನಾವೂ ಅಂಥವನನ್ನೇ ಕರೆಸಿದೆವು.

ಕೋಶಕ್ಕೆ ಕಟ್ಟಿದ ಕಲ್ಲನ್ನು ತೆಗೆಯಲು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಳಸುತ್ತಾರೆ. ಮೊದಲು ವಿದ್ಯುತ್ತನ್ನು ಪೂರ್ತಿಯಾಗಿ ಕಡಿಯಬೇಕು. ಕವಾಟಗಳನ್ನು ಮುಚ್ಚಿ ಕೋಶವನ್ನು ಬಿಚ್ಚಿ ಬಯಲಿಗೆ ತರಬೇಕು. ಕೈಗೆ ರಬ್ಬರಿನ ಚೀಲ, ಕಣ್ಣಿಗೆ ರಕ್ಷಣೆಯ ಕನ್ನಡಕ ಇರಬೇಕು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರನ್ನು ಮೊದಲು ಹಾಕಿ, ಕೈಪಿಡಿಯಲ್ಲಿ ಹೇಳಿರುವಷ್ಟೇ ಆಮ್ಲವನ್ನು ಅದಕ್ಕೆ ನಿಧಾನವಾಗಿ ಸುರಿಯಬೇಕು. ನೀರಿಗೆ ಆಮ್ಲ, ಆಮ್ಲಕ್ಕೆ ನೀರು ಎಂದೂ ಅಲ್ಲ. ಈ ಒಂದು ಸಾಲನ್ನು ನಾನು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದಿದ್ದೇನೆ, ಈಗಲೂ ಬರೆಯಬೇಕೆನ್ನಿಸುತ್ತದೆ. ನೊರೆ ನಿಂತ ಮೇಲೆ ತಟ್ಟೆಗಳನ್ನು ತೊಳೆದುಬಿಡಬೇಕು. ಚಾಕುವಿನಿಂದಲೋ ತಂತಿಯ ಬ್ರಷ್ಷಿನಿಂದಲೋ ಕೆರೆದರೆ ಸುಣ್ಣದ ಜೊತೆಗೆ ಬೆಲೆಬಾಳುವ ಲೇಪವೂ ಹೋಗುತ್ತದೆ. ಅಗತ್ಯವಿಲ್ಲದೆ ಪದೇ ಪದೇ ಆಮ್ಲದಲ್ಲಿ ಅದ್ದಿದರೂ ಲೇಪ ಸವೆಯುತ್ತದೆ.

ಇದಕ್ಕಿಂತಲೂ ದೊಡ್ಡ ಅಪಾಯವೊಂದಿದೆ. ಯಂತ್ರವಿರುವ ಮನೆಯಲ್ಲಿಯೂ ಆಪತ್ತಿಗೆ ಬೇಕಾದೀತೆಂದು ಕ್ಲೋರಿನ್ನಿನ ಪುಡಿಯನ್ನೋ ಬಿಲ್ಲೆಗಳನ್ನೋ ದ್ರವವನ್ನೋ ಇಟ್ಟಿರುತ್ತಾರೆ. ಅದರ ಪಕ್ಕದಲ್ಲಿಯೇ ಪಿ.ಎಚ್. ಇಳಿಸುವ ಆಮ್ಲದ ಕ್ಯಾನು. ಎರಡೂ ಒಂದಕ್ಕೊಂದು ಸೇರಿದರೆ ಕ್ಲೋರಿನ್ ಅನಿಲ ಭುಗಿಲ್ಲೆಂದು ಹೊರಬೀಳುತ್ತದೆ. ಅದು ಎಂಥದು ಎಂಬುದನ್ನು ಇತಿಹಾಸ ಕಂಡಿದೆ. ೧೯೧೫ರ ಏಪ್ರಿಲ್ ೨೨ರಂದು ಬೆಲ್ಜಿಯಂನ ಈಪ್ರ್ ಪಟ್ಟಣದ ಬಳಿ ಜರ್ಮನ್ ಸೇನೆ ಶತ್ರುಗಳ ಕಂದಕಗಳತ್ತ ಹರಿಯಬಿಟ್ಟದ್ದು ಇದೇ ಅನಿಲವನ್ನು. ಅದು ಗಾಳಿಗಿಂತ ಭಾರವಾದದ್ದು. ನೆಲದ ಮೇಲೆ ಹಬ್ಬಿ ತಗ್ಗಿನಲ್ಲಿ ನಿಲ್ಲುತ್ತದೆ, ಶ್ವಾಸಕೋಶವನ್ನು ಸುಡುತ್ತದೆ. ಆಮ್ಲ ಮತ್ತು ಕ್ಲೋರಿನ್ ವಸ್ತುಗಳನ್ನು ಬೇರೆಬೇರೆ ಜಾಗಗಳಲ್ಲಿ, ಮಕ್ಕಳ ಕೈಗೆ ಎಟುಕದಂತೆ, ಒಣಗಿದ ಗಾಳಿಯಾಡುವ ಸ್ಥಳದಲ್ಲಿ ಇಡಬೇಕು. ಒಂದನ್ನು ಅಳೆದ ಪಾತ್ರೆಯಿಂದ ಇನ್ನೊಂದನ್ನು ಅಳೆಯಬಾರದು. ಎರಡು ಬಗೆಯ ಕ್ಲೋರಿನ್ ಪುಡಿಗಳನ್ನು ಕೂಡ ಬೆರೆಸಬಾರದು. ಅವು ಕಾದು ಉರಿಯಬಹುದು, ಸಿಡಿಯಬಹುದು. ಕೊಳಕ್ಕೆ ಆಮ್ಲ ಹಾಕುವಾಗ ಪಂಪು ನಡೆಯುತ್ತಿರಬೇಕು, ನೀರಿನಲ್ಲಿ ಯಾರೂ ಇರಬಾರದು.

ಕ್ಲೋರಿನ್ ಕಡಮೆಯಾದರೆ ಅಪಾಯವೆಂದೆ. ಹೆಚ್ಚಾದರೂ ಒಳ್ಳೆಯದಲ್ಲ. ಕೊಳಕ್ಕೆ ಹೊದಿಕೆ ಹಾಕಿ ಊರಿಗೆ ಹೋದವರು ಯಂತ್ರವನ್ನು ಎಂದಿನಂತೆಯೇ ಬಿಟ್ಟುಹೋಗುತ್ತಾರೆ. ಬಿಸಿಲು ತಾಕುವುದಿಲ್ಲ, ಈಜುವವರಿಲ್ಲ. ಕ್ಲೋರಿನ್ನಿಗೆ ಖರ್ಚೇ ಇಲ್ಲ. ಯಂತ್ರ ಮಾತ್ರ ತನ್ನ ಪಾಡಿಗೆ ಉತ್ಪಾದಿಸುತ್ತಲೇ ಇರುತ್ತದೆ. ಚಳಿಗಾಲದಲ್ಲಿಯೂ ಖರ್ಚು ಕಡಮೆ. ಇಂಥ ಸಮಯಗಳಲ್ಲಿ ಉತ್ಪಾದನೆಯನ್ನು ತಗ್ಗಿಸಬೇಕು. ಲೀಟರಿಗೆ ೧೦ ಮಿಲಿಗ್ರಾಂ ದಾಟಿದ ನೀರಿಗೆ ಯಾರೂ ಇಳಿಯಬಾರದು.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ಈಜುಕೊಳದ ಬಳಿ ಮೂಗಿಗೆ ಬಡಿಯುವ ಘಾಟು ಕ್ಲೋರಿನ್ ಹೆಚ್ಚಾದುದರ ಗುರುತೆಂದು ಜನ ತಿಳಿಯುತ್ತಾರೆ. ಬಹುಮಟ್ಟಿಗೆ ಅದು ಕ್ಲೋರಮೀನುಗಳ ವಾಸನೆ; ಬೆವರು, ಮೂತ್ರಗಳಲ್ಲಿರುವ ಸಾರಜನಕದ ವಸ್ತುಗಳೊಡನೆ ಕ್ಲೋರಿನ್ ಕೂಡಿ ಹುಟ್ಟುವಂಥವು. ಕಣ್ಣು ಉರಿಸುವುದೂ ಅವೇ. ನೀರಿಗೆ ಇಳಿಯುವ ಮುಂಚೆ ಮೈತೊಳೆದುಕೊಳ್ಳಬೇಕೆಂಬ ನಿಯಮ ಮಡಿಗಾಗಿ ಮಾಡಿದ್ದಲ್ಲ. ಅದರಿಂದ ಕ್ಲೋರಿನ್ ತನ್ನ ನಿಜವಾದ ಕೆಲಸಕ್ಕೆ ಉಳಿಯುತ್ತದೆ. ಕ್ಲೋರಿನ್ನಿಗೂ ಸುಲಭವಾಗಿ ಬಗ್ಗದ ಜೀವಿಗಳುಂಟು. ಕ್ರಿಪ್ಟೋಸ್ಪೊರಿಡಿಯಂ ಎಂಬ ಭೇದಿಯ ರೋಗಾಣು ಸರಿಯಾಗಿ ಕ್ಲೋರಿನ್ ಬೆರೆತ ನೀರಿನಲ್ಲಿಯೂ ಏಳು ದಿನಕ್ಕಿಂತ ಹೆಚ್ಚು ಕಾಲ ಬದುಕಿರಬಲ್ಲುದು. ಭೇದಿಯಾಗುತ್ತಿರುವ ಮಗುವನ್ನು ಕೊಳಕ್ಕೆ ಇಳಿಸದಿರುವುದೊಂದೇ ಇದಕ್ಕೆ ಉಪಾಯ. ಯಾವ ಯಂತ್ರವೂ ಈ ತೀರ್ಮಾನವನ್ನು ನಮ್ಮ ಪರವಾಗಿ ಮಾಡಲಾರದು.

ಉಪ್ಪಿನ ಆಯ್ಕೆಯ ಬಗೆಗೆ ಎರಡು ಮಾತು. ಗೋಕರ್ಣದ ಬಳಿಯ ಸಾಣಿಕಟ್ಟಾದ ಗದ್ದೆಗಳಲ್ಲಿ ಬಿಸಿಲಿಗೆ ಹರಳುಗಟ್ಟುವ ಉಪ್ಪು ಸಾರಿಗೆ ಎಷ್ಟು ರುಚಿಯೋ ಈ ಯಂತ್ರಕ್ಕೆ ಅಷ್ಟೇ ಒಗ್ಗದು. ಕಲ್ಲುಪ್ಪಿನಲ್ಲಿರುವ ಸುಣ್ಣ ಮತ್ತು ಮೆಗ್ನೀಸಿಯಂ ಅಂಶಗಳು ತಟ್ಟೆಗಳ ಮೇಲೆ ಕೂಡುತ್ತವೆ. ಅಯೊಡಿನ್ ಬೆರೆಸಿದ ಅಡಿಗೆಯ ಉಪ್ಪೂ ಬೇಡ. ಕೊಳಕ್ಕೆಂದೇ ಮಾರುವ ಶುದ್ಧವಾದ ಉಪ್ಪು ಬೇಕು. ಹಾಕುವಾಗ ಯಂತ್ರವನ್ನು ನಿಲ್ಲಿಸಿ, ಪಂಪನ್ನು ಮಾತ್ರ ನಡೆಸಿ, ಉಪ್ಪು ಪೂರ್ತಿಯಾಗಿ ಕರಗುವವರೆಗೆ ಕಾಯಬೇಕು. ಮೊದಲು ಇರುವ ಉಪ್ಪನ್ನು ಅಳೆದು ನೋಡಬೇಕು. ಹೆಚ್ಚು ಹಾಕಿದರೆ ಹಿಂದಕ್ಕೆ ತೆಗೆಯುವಂತಿಲ್ಲ.

ತೆಗೆಯುವುದೆಂದರೆ ನೀರನ್ನು ಹೊರಚೆಲ್ಲುವುದು. ಎಲ್ಲಿಗೆ ಚೆಲ್ಲುವುದು? ಈ ಪ್ರಶ್ನೆ ಸಿಡ್ನಿಯದು ಮಾತ್ರವಲ್ಲ. ಈಚೆಗೆ ಬೆಂಗಳೂರಿನ ಸುತ್ತಮುತ್ತಲಿನ ತೋಟದ ಮನೆಗಳಲ್ಲಿ ಈಜುಕೊಳಗಳು ಹೆಚ್ಚುತ್ತಿವೆ. ಉಪ್ಪಿನ ಯಂತ್ರವೂ ಅವುಗಳ ಜೊತೆಗೆ ಬಂದಿದೆ. ಅಲ್ಲಿ ಕೊಳಕ್ಕೆ ತುಂಬುವುದು ಬಹಳ ಕಡೆ ಕೊಳವೆಬಾವಿಯ ಗಡಸು ನೀರು. ಆದ್ದರಿಂದ ತಟ್ಟೆಗಳಿಗೆ ಕಲ್ಲು ಕಟ್ಟುವುದು ಬೇಗ. ಕೋಶವನ್ನು ಹೆಚ್ಚು ಸಲ ಬಿಚ್ಚಿ ನೋಡಬೇಕಾಗುತ್ತದೆ. ಆ ಕೊಳವನ್ನು ಖಾಲಿಮಾಡಿ ನೀರನ್ನು ತೋಟಕ್ಕೆ ಬಿಟ್ಟರೆ ನಾನು ಹೇಳಿದ ನಾಲ್ಕು ಮೂಟೆ ಉಪ್ಪನ್ನು ಮಣ್ಣಿಗೆ ಸುರಿದಂತೆಯೇ. ಉಪ್ಪು ಏರಿದ ನೆಲ ಬೆಳೆಗೆ ಬಾರದೆಂಬುದನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆನೀರಿನ ಚರಂಡಿಗೆ ಬಿಟ್ಟರೆ ಅದು ಕೆರೆಗೆ ಹೋಗುತ್ತದೆ. ಶೋಧಕವನ್ನು ತೊಳೆದ ನೀರಿಗೂ ಇದೇ ಮಾತು ಸಲ್ಲುತ್ತದೆ. ಕೊಳ ಕಟ್ಟುವ ಮುಂಚೆಯೇ ಈ ನೀರಿನ ದಾರಿಯನ್ನು ಸ್ಥಳೀಯ ಆಡಳಿತದವರನ್ನು ಕೇಳಿ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ, ಯಂತ್ರಕ್ಕೆ ಸಂಬಂಧಿಸದ ಒಂದು ವಿಷಯ. ನೀರು ಎಷ್ಟೇ ಶುದ್ಧವಾಗಿದ್ದರೂ ಮಗುವಿನ ಪಾಲಿಗೆ ಅದು ಆಳವಾದ ನೀರೇ. ಸಿಡ್ನಿ ನಗರವಿರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ೧೯೯೨ರ ಈಜುಕೊಳಗಳ ಕಾಯಿದೆಯ ಪ್ರಕಾರ ಮನೆಯ ಕೊಳಗಳಿಗೆ ಮಕ್ಕಳು ದಾಟಲಾಗದ ಬೇಲಿ ಕಡ್ಡಾಯ. ಅದರ ಎತ್ತರ ೧.೨ ಮೀಟರಿಗೆ ಕಡಮೆಯಿರಬಾರದು, ಬಾಗಿಲು ತಾನಾಗಿಯೇ ಮುಚ್ಚಿಕೊಂಡು ಅಗುಳಿ ಬೀಳಬೇಕು. ನಮ್ಮ ತೋಟದ ಮನೆಗಳಲ್ಲಿ ಕೊಳದ ಸುತ್ತ ಹೂಕುಂಡಗಳನ್ನು ಕಂಡಿದ್ದೇನೆ, ಬೇಲಿಯನ್ನು ಕಂಡದ್ದು ಕಡಮೆ. ಬೇಲಿಯಿದ್ದರೂ, ಮಕ್ಕಳು ನೀರಿನಲ್ಲಿರುವಷ್ಟು ಹೊತ್ತು ದೊಡ್ಡವರೊಬ್ಬರ ಕಣ್ಣು ಅವರ ಮೇಲೆಯೇ ಇರಬೇಕು.

ಸಿಡ್ನಿಯಲ್ಲಿ ಹರಿವಿನ ಸ್ವಿಚ್ಚು ಬದಲಾಯಿತು. ತಟ್ಟೆಗಳು ಶುಚಿಯಾದುವು. ಪಿ.ಎಚ್. ಇಳಿಯಿತು, ಉಪ್ಪೂ ರಕ್ಷಕವೂ ತಕ್ಕ ಮಟ್ಟಕ್ಕೆ ಬಂದುವು. ನಾಲ್ಕನೆಯ ದಿನ ಬೆಳಗ್ಗೆ ಮಕ್ಕಳನ್ನೇ ಕರೆದು ನಳಿಗೆಯನ್ನು ಅವರ ಕೈಗೆ ಕೊಟ್ಟೆ. ಚಿಕ್ಕವಳು ಗುಳಿಗೆ ಹಾಕಿದಳು, ದೊಡ್ಡವನು ಅಲುಗಿಸಿದ. ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ಬಣ್ಣದ ಪಟ್ಟಿಯೊಂದಿಗೆ ಹಿಡಿದು ನೋಡಿ, “ಮೂರು, ತಾತ!” ಎಂದು ಕೂಗಿದರು. ಅಂದು ಅವರು ಮಧ್ಯಾಹ್ನದವರೆಗೆ ನೀರಿನಿಂದ ಮೇಲೆ ಬರಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಬೇಸಗೆಯ ದಿನಗಳಲ್ಲಿ ಈಜಿಗೆ ಮುಂಚೆ ನಳಿಗೆಯ ಬಣ್ಣ ನೋಡುವುದು ಮಕ್ಕಳ ಕೆಲಸವಾಗಿದೆ, ವಾರಕ್ಕೊಮ್ಮೆ ಪಿ.ಎಚ್., ತಿಂಗಳಿಗೊಮ್ಮೆ ಉಪ್ಪು ಮತ್ತು ರಕ್ಷಕವನ್ನು ನೋಡುವುದು ಅವರ ಅಪ್ಪನ ಕೆಲಸ. ಪರೀಕ್ಷೆಗೆ ಎರಡು ನಿಮಿಷವೂ ಬೇಡ.

ಉಪ್ಪಿನಿಂದ ಕ್ಲೋರಿನ್ ಮಾಡಿಕೊಡುವ ಈ ಯಂತ್ರ ಬಹಳ ಉಪಕಾರಿಯಾದದ್ದು. ಕ್ಲೋರಿನ್ನಿನ ಡಬ್ಬಿಗಳನ್ನು ದಿನವೂ ಹೊತ್ತು ತರುವ, ಕೈಯಿಂದ ಅಳೆದು ಸುರಿಯುವ ಕಷ್ಟವನ್ನು ಅದು ಬಹಳಷ್ಟು ತಪ್ಪಿಸುತ್ತದೆ. ಅದು ತಪ್ಪಿಸಲಾರದ ಕೆಲಸವೊಂದೇ, ನೋಡಿಕೊಳ್ಳುವುದು. ಉಪ್ಪು ತಿಂದವನು ನೀರು ಕುಡಿಯಲೇಬೇಕಾದಂತೆ, ಕೊಳಕ್ಕೆ ಉಪ್ಪು ಹಾಕಿದವನು ನೀರನ್ನು ಪರೀಕ್ಷಿಸಲೇಬೇಕು.